ಕತ್ತು, ಹೆಗಲಿನ ಗಂಟುನೋವು: ಯಾವ ಚಿಕಿತ್ಸೆಯಿಂದ ಎಷ್ಟು ಗುಣ?

ಎತ್ತಿನ ಹೆಗಲಿಗೆ ನೊಗ ಉಜ್ಜಿ ಬಾವು ಬಂದರೆ ನೀವು ಕೂಡಲೇ ಗಮನಿಸುತ್ತೀರಿ. ನಾಲ್ಕು ದಿನ ಅದನ್ನು ಹೂಡುವುದಿಲ್ಲ. ಎಣ್ಣೆ ಸವರುತ್ತೀರಿ, ನೊಗದ ಉಬ್ಬುತಗ್ಗನ್ನು ಕೆತ್ತಿಸಿ ನುಣುಪು ಮಾಡಿಸಿದ ಮೇಲೆಯೇ ಮತ್ತೆ ಹೊಲಕ್ಕೆ ಇಳಿಸುತ್ತೀರಿ. ಆದರೆ ನಿಮ್ಮದೇ ಹೆಗಲಿನ ವಿಷಯ ಬಂದಾಗ ಈ ವಿವೇಕ ಎಲ್ಲಿ ಹೋಗುತ್ತದೆ? ಕತ್ತು ಹಿಡಿದುಕೊಂಡರೆ ಅಂಗಡಿಯಿಂದ ಒಂದು ಮಾತ್ರೆ ತಂದು ನುಂಗಿ, ಅದೇ ಪಂಪನ್ನು ಅದೇ ಹೆಗಲಿಗೆ ಏರಿಸಿ ಹೊರಡುತ್ತೀರಿ.

ವಾರ ಕಳೆದರೂ ನೋವು ಬಿಡದಿದ್ದಾಗ ಸಲಹೆಗಳಿಗೆ ಬರವಿಲ್ಲ. ಒಬ್ಬರು 'ಕರೆಂಟ್ ಇಡಿಸಿಕೊಳ್ಳಿ' ಎನ್ನುತ್ತಾರೆ. ಇನ್ನೊಬ್ಬರು ಸೂಜಿ ಚುಚ್ಚಿಸಿಕೊಳ್ಳಲು ಹೇಳುತ್ತಾರೆ. ಮತ್ತೊಬ್ಬರು ಕತ್ತನ್ನು ತಿರುವಿ 'ಲಟಕ್' ಎನಿಸುವವರ ವಿಳಾಸ ಕೊಡುತ್ತಾರೆ. ಕಳೆ ತೆಗೆಸಲು ಇಟ್ಟಿದ್ದ ಹಣ ಬಸ್ಸಿಗೂ ಯಂತ್ರದ ಚಿಕಿತ್ಸೆಗೂ ಕರಗುತ್ತದೆ, ಹಂಗಾಮು ಕೈತಪ್ಪುತ್ತದೆ. ಆದ್ದರಿಂದ ಯಾವ ಚಿಕಿತ್ಸೆಯಿಂದ ಎಷ್ಟು ಫಲ ಎಂಬುದನ್ನು, ನೀವು ಬಿತ್ತನೆ ತಳಿಗಳನ್ನು ಹೋಲಿಸಿ ನೋಡುವಂತೆಯೇ, ಹೋಲಿಸಿ ತಿಳಿದುಕೊಳ್ಳುವುದು ಅಗತ್ಯ.

ಗಂಟುನೋವು ಎಂದರೇನು?

ಕತ್ತಿನ ಹಿಂಭಾಗದಿಂದ ಹೆಗಲಿನ ಅಂಚಿನವರೆಗೂ ಬೆನ್ನಿನ ನಡುವಿನವರೆಗೂ ಹರಡಿರುವ ಅಗಲವಾದ ಮಾಂಸಖಂಡಕ್ಕೆ ಟ್ರಪೀಜಿಯಸ್ ಎಂದು ಹೆಸರು. ಹೊರೆ ಹೊತ್ತಾಗ ಹೆಗಲು ಜಗ್ಗದಂತೆ ಎತ್ತಿ ಹಿಡಿಯುವುದು ಮುಖ್ಯವಾಗಿ ಇದರ ಮೇಲ್ಭಾಗ. ಕತ್ತು ಮತ್ತು ಹೆಗಲು ಕೂಡುವ ಜಾಗದಲ್ಲಿ ಈ ಖಂಡವನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ಒತ್ತಿ ನೋಡಿ. ನೋವಿರುವವರಲ್ಲಿ ಬಿಗಿದ ಹುರಿಯಂಥ ಒಂದು ಎಳೆ ಕೈಗೆ ಸಿಗುತ್ತದೆ. ಆ ಎಳೆಯ ಒಂದು ಕಡೆ ಕಾಳಿನಷ್ಟು ಗಟ್ಟಿಯಾದ ಜಾಗವಿರುತ್ತದೆ. ಅದನ್ನು ಒತ್ತಿದೊಡನೆ 'ಹೌದು, ಇದೇ ನನ್ನ ನೋವು' ಎಂದು ರೋಗಿಯೇ ಹೇಳುತ್ತಾನೆ.

ವೈದ್ಯರು ಇದನ್ನು ಟ್ರಿಗರ್ ಪಾಯಿಂಟ್ ಎಂದು ಕರೆಯುತ್ತಾರೆ. ಟ್ರಿಗರ್ ಎಂದರೆ ಬಂದೂಕಿನ ಕುದುರೆ. ಕುದುರೆ ಎಳೆಯುವುದು ಇಲ್ಲಿ, ಗುಂಡು ತಾಗುವುದು ಅಲ್ಲಿ. ಹಾಗೆಯೇ ಗಂಟು ಇರುವುದು ಹೆಗಲಿನಲ್ಲಾದರೂ ನೋವು ಕತ್ತಿನ ಪಕ್ಕದಲ್ಲಿ ಏರಿ, ಕಿವಿಯ ಹಿಂದೆ ಹಾದು, ಕಣತಲೆಯವರೆಗೂ ಹೋಗಬಹುದು. ತಲೆನೋವೆಂದು ಮಾತ್ರೆ ನುಂಗುವ ಎಷ್ಟೋ ಮಂದಿಯ ನೋವಿನ ಬೇರು ಹೆಗಲಿನಲ್ಲಿರುತ್ತದೆ. ಅಮೆರಿಕದ ವೈದ್ಯರಾದ ಜಾನೆಟ್ ಟ್ರಾವೆಲ್ ಮತ್ತು ಡೇವಿಡ್ ಸೈಮನ್ಸ್ ಇಂಥ ಗಂಟುಗಳು ಯಾವ ಮಾಂಸಖಂಡದಲ್ಲಿದ್ದರೆ ನೋವು ಎಲ್ಲಿಗೆ ಹರಿಯುತ್ತದೆ ಎಂಬುದನ್ನು ಚಿತ್ರಗಳ ಸಹಿತ ವಿವರಿಸಿ ೧೯೮೩ರಲ್ಲಿ ದೊಡ್ಡ ಗ್ರಂಥವನ್ನು ಪ್ರಕಟಿಸಿದರು.

ಮಾಂಸಖಂಡ ಬಹಳ ಹೊತ್ತು ಸಡಿಲವಾಗದೆ ಬಿಗಿದೇ ಇದ್ದರೆ ಅದರೊಳಗಿನ ಸಣ್ಣ ರಕ್ತನಾಳಗಳು ಅಮುಕಿಹೋಗುತ್ತವೆ. ಆ ಜಾಗಕ್ಕೆ ಗಾಳಿ, ಆಹಾರ ಸಾಲದೆ ಎಳೆಗಳು ಬಿಗಿತದಿಂದ ಬಿಡಿಸಿಕೊಳ್ಳಲಾರವು ಎಂಬುದು ಹೆಚ್ಚು ಪ್ರಚಾರದಲ್ಲಿರುವ ವಿವರಣೆ. ಇದನ್ನು ಒಪ್ಪದ ತಜ್ಞರೂ ಇದ್ದಾರೆ. ಒಬ್ಬರು ಗುರುತಿಸಿದ ಗಂಟು ಇನ್ನೊಬ್ಬರ ಬೆರಳಿಗೆ ಸಿಗದಿರುವುದೂ ಉಂಟು. ಆದರೆ ನೋವು ಇರುವುದು ನಿಜ, ಅದಕ್ಕೆ ದಾರಿಯಿರುವುದೂ ನಿಜ.

ಯಾವ ಕೆಲಸಗಳಿಂದ ಬರುತ್ತದೆ?

ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ಬೆನ್ನಿಗೆ ಹೊರುವ ೧೬ ಲೀಟರಿನ ಸಿಂಪಡಣೆ ಪಂಪಿನಲ್ಲಿ ನೀರೇ ೧೬ ಕಿಲೋ ಆಯಿತು. ಪಂಪಿನ ತೂಕ ಬೇರೆ. ಇಷ್ಟನ್ನೂ ಎರಡು ಸಣ್ಣ ಪಟ್ಟಿಗಳ ಮೇಲೆ ಹೊತ್ತು, ಒಂದು ಕೈಯಲ್ಲಿ ಸನ್ನೆ ಆಡಿಸುತ್ತ, ಇನ್ನೊಂದರಲ್ಲಿ ಕೋಲು ಹಿಡಿದು ದಿನಕ್ಕೆ ಹತ್ತಾರು ಬಾರಿ ತುಂಬಿಸಿ ನಡೆಯುತ್ತೀರಿ. ಅಡಿಕೆ ತೋಟದಲ್ಲಿ ಉದ್ದನೆಯ ದೋಟಿಯಿಂದ ಕೊನೆ ಕೊಯ್ಯುವವರು, ನೆಲದ ಮೇಲೆ ನಿಂತು ಬೋರ್ಡೋ ದ್ರಾವಣ ಹೊಡೆಯುವವರು ಗಂಟೆಗಟ್ಟಲೆ ಕತ್ತೆತ್ತಿ ನೋಡುತ್ತಿರಬೇಕು. ಟ್ರ್ಯಾಕ್ಟರ್ ನಡೆಸುವವರು ಹಿಂದಿನ ನೇಗಿಲನ್ನು ನೋಡಲು ಕತ್ತನ್ನು ಒಂದೇ ಬದಿಗೆ ತಿರುವಿಕೊಂಡಿರುತ್ತಾರೆ. ಹುಲ್ಲು, ಸೊಪ್ಪು, ಸೌದೆ, ನೀರಿನ ಕೊಡ ತಲೆಯ ಮೇಲೆ ಹೊರುವ ಹೆಣ್ಣುಮಕ್ಕಳ ಪಾಡಂತೂ ಹೇಳಬೇಕಾಗಿಲ್ಲ.

ಮೊದಲು ಇವನ್ನು ನೋಡಿಕೊಳ್ಳಿ

ಎಲ್ಲ ಕತ್ತುನೋವೂ ಗಂಟುನೋವಲ್ಲ. ಕೆಳಗಿನ ಯಾವುದೇ ಚಿಹ್ನೆ ಇದ್ದರೆ ಉಜ್ಜುವುದು, ಒತ್ತುವುದು ಏನನ್ನೂ ಮಾಡದೆ ವೈದ್ಯರಲ್ಲಿಗೆ ಹೋಗತಕ್ಕದ್ದು.

೧. ಮರದಿಂದ ಬಿದ್ದು, ಗಾಡಿ ಮಗುಚಿ ಅಥವಾ ಬೇರೆ ಪೆಟ್ಟು ಬಿದ್ದು ಬಂದ ಕತ್ತುನೋವು.
೨. ಕೈ ಜೋಮು ಹಿಡಿಯುವುದು, ಹಿಡಿತ ಸಡಿಲವಾಗಿ ಕುಡುಗೋಲು, ಚೊಂಬು ಜಾರಿಬೀಳುವುದು.
೩. ನಡೆಯುವಾಗ ಕಾಲು ತೊಡರುವುದು, ಮಲಮೂತ್ರದ ಮೇಲೆ ಹತೋಟಿ ತಪ್ಪುವುದು.
೪. ಜ್ವರ, ತಲೆನೋವಿನೊಡನೆ ಕತ್ತು ಬಗ್ಗಿಸಲಾಗದಂತೆ ಸೆಟೆದುಕೊಳ್ಳುವುದು.
೫. ಮಲಗಿದರೂ ಬಿಡದ ರಾತ್ರಿ ನೋವು, ಕಾರಣವಿಲ್ಲದೆ ಮೈ ಇಳಿಯುವುದು.
೬. ಎದೆ ಹಿಡಿದು, ಬೆವರಿ, ನೋವು ದವಡೆಗೂ ತೋಳಿಗೂ ಹರಿಯುವುದು. ಇದು ಹೃದಯದ ತೊಂದರೆ ಇರಬಹುದು. ಒಂದು ಗಳಿಗೆಯೂ ತಡಮಾಡಬಾರದು.

ಔಷಧಿ ಸಿಂಪಡಿಸಿದ ದಿನ ತಲೆನೋವಿನೊಂದಿಗೆ ವಾಕರಿಕೆ, ಜೊಲ್ಲು, ಬೆವರು, ಕಣ್ಣು ಮಂಜಾಗುವುದು, ಮಾಂಸಖಂಡ ಅದುರುವುದು ಕಂಡರೆ ಅದು ಕತ್ತಿನ ನೋವಲ್ಲ, ಕೀಟನಾಶಕದ ವಿಷ. ಔಷಧಿಯ ಡಬ್ಬಿಯ ಚೀಟಿಯೊಂದಿಗೆ ಕೂಡಲೇ ಆಸ್ಪತ್ರೆಗೆ ಹೋಗಿ.

ಹೋಲಿಕೆಯ ತಾಕು ಇಲ್ಲದೆ ಮಾತಿಲ್ಲ

ಹೊಸ ಗೊಬ್ಬರ ಹಾಕಿದ ತಾಕು ಚೆನ್ನಾಗಿ ಬಂದಿತೆಂದರೆ ನೀವು ಕೇಳುವ ಪ್ರಶ್ನೆ ಒಂದೇ: 'ಹಾಕದ ತಾಕು ಹೇಗಿದೆ?' ಮಳೆ ಚೆನ್ನಾಗಿ ಬಿದ್ದ ವರ್ಷ ಎರಡೂ ಚೆನ್ನಾಗಿಯೇ ಬರುತ್ತವೆ. ಕತ್ತುನೋವಿನ ಕಥೆಯೂ ಇದೇ. ಬಹಳಷ್ಟು ನೋವುಗಳು ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಆ ವೇಳೆಗೆ ಮಾಡಿಸಿಕೊಂಡ ಚಿಕಿತ್ಸೆಗೆ ಹೆಸರು ಬರುತ್ತದೆ. ಆದ್ದರಿಂದ ಚಿಕಿತ್ಸೆ ಪಡೆದವರನ್ನೂ ಪಡೆಯದವರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ ಪ್ರಯೋಗಗಳನ್ನೇ ನಂಬಬೇಕು. ಅಂಥವುಗಳಿಂದ ತಿಳಿದುಬಂದಿರುವುದು ಹೀಗಿದೆ.

ಕಾವು: ಬಿಸಿ ಶಾಖದಿಂದ ಬಿಗಿತ ಸಡಿಲವಾಗಿ ಹಾಯೆನಿಸುತ್ತದೆ. ಆದರೆ ಕಾವು ಆರಿದ ಮೇಲೆ ಗುಣವೂ ಬೇಗ ಆರುತ್ತದೆ. ಮುಂದಿನ ಕೆಲಸಕ್ಕೆ ಮಾಂಸಖಂಡವನ್ನು ಹದಮಾಡುವುದೇ ಕಾವಿನ ಉಪಯೋಗ. ಬಿತ್ತುವ ಮೊದಲು ನೆಲ ಹದ ಮಾಡಿದಂತೆ ಎನ್ನಬಹುದು. ಹದ ಮಾಡಿದ್ದೇ ಬೆಳೆಯಲ್ಲ.

ಗಂಟನ್ನು ಒತ್ತಿ ಹಿಡಿಯುವುದು: ಗಂಟಿನ ಮೇಲೆ ಬೆರಳಿಟ್ಟು, ಅಲುಗಿಸದೆ ಒತ್ತಿ ಹಿಡಿದು ಬಿಡುವ ಕ್ರಮವಿದು. ೨೦೦೨ರಲ್ಲಿ ತೈವಾನಿನ ತಜ್ಞರು ಕತ್ತಿನ ಗಂಟುನೋವಿದ್ದ ೧೧೯ ಮಂದಿಯಲ್ಲಿ ಹಲವು ಚಿಕಿತ್ಸೆಗಳ ತತ್‌ಕ್ಷಣದ ಫಲವನ್ನು ಹೋಲಿಸಿದರು. ನೋವು ಆಗಷ್ಟೇ ಶುರುವಾಗುವಷ್ಟು ಮೆಲ್ಲಗೆ ೯೦ ಸೆಕೆಂಡು ಒತ್ತಿದರೂ, ಅದಕ್ಕಿಂತ ಜೋರಾಗಿ ೩೦ ಸೆಕೆಂಡು ಒತ್ತಿದರೂ ನೋವು ಕೂಡಲೇ ಇಳಿಯಿತು. ಬಿಸಿ ಶಾಖ ಮತ್ತು ಕತ್ತಿನ ಚಲನೆಯ ಜೊತೆಗೆ ಹಿಗ್ಗಿಸುವುದನ್ನೂ ವಿದ್ಯುತ್ ಚಿಕಿತ್ಸೆಯನ್ನೂ ಕೂಡಿಸಿದಾಗ ಫಲ ಹೆಚ್ಚಾಯಿತು. ಇದು ಆ ಕ್ಷಣದ ಲೆಕ್ಕ, ತಿಂಗಳ ಲೆಕ್ಕವಲ್ಲ ಎಂಬುದನ್ನು ಮರೆಯಬಾರದು.

ನಮಗೆ ಇನ್ನೂ ಹತ್ತಿರವಾದದ್ದು ೨೦೦೦ದಲ್ಲಿ ಅಮೆರಿಕದಲ್ಲಿ ನಡೆದ ಪ್ರಯೋಗ. ೪೦ ಮಂದಿಯಲ್ಲಿ ಒಂದು ಗುಂಪಿಗೆ ಗಂಟನ್ನು ತಾವೇ ಒತ್ತಿಕೊಂಡು ನಂತರ ಮಾಂಸಖಂಡವನ್ನು ಹಿಗ್ಗಿಸುವುದನ್ನು ಕಲಿಸಲಾಯಿತು. ಇನ್ನೊಂದು ಗುಂಪಿಗೆ ಕತ್ತನ್ನು ಅತ್ತಿತ್ತ ಆಡಿಸುವುದನ್ನಷ್ಟೇ ಹೇಳಿಕೊಡಲಾಯಿತು. ಐದು ದಿನ ಎಲ್ಲರೂ ಮನೆಯಲ್ಲೇ ಮಾಡಿದರು. ಒತ್ತಿ ಹಿಗ್ಗಿಸಿದವರಲ್ಲಿ ಗಂಟಿನ ನೋವು ಹೆಚ್ಚು ಇಳಿದಿತ್ತು. ಅಂದರೆ ಈ ಕೆಲಸಕ್ಕೆ ದಿನವೂ ಪಟ್ಟಣಕ್ಕೆ ಹೋಗಬೇಕಾಗಿಲ್ಲ.

ಅಲ್ಟ್ರಾಸೌಂಡ್: ನೋವಿನ ಜಾಗಕ್ಕೆ ಅಂಟು ಸವರಿ ಯಂತ್ರದ ಗುಂಡನ್ನು ಆಡಿಸುವ ಚಿಕಿತ್ಸೆ ಇದು. ೧೯೯೮ರಲ್ಲಿ ಡೆನ್ಮಾರ್ಕಿನ ವೈದ್ಯರು ೫೮ ರೋಗಿಗಳನ್ನು ಮೂರು ಗುಂಪು ಮಾಡಿದರು. ಮೊದಲ ಗುಂಪಿಗೆ ಮಾಲೀಸು, ವ್ಯಾಯಾಮಗಳ ಜೊತೆಗೆ ನಿಜವಾದ ಅಲ್ಟ್ರಾಸೌಂಡ್. ಎರಡನೆಯದಕ್ಕೆ ಮಾಲೀಸು, ವ್ಯಾಯಾಮ ಹಾಗೂ ಹೆಸರಿಗೆ ಮಾತ್ರ ಆಡಿಸಿದ ಯಂತ್ರ. ಮೂರನೆಯದು ಏನೂ ಪಡೆಯದ ಹೋಲಿಕೆಯ ತಾಕು. ನಿಜವಾದ ಯಂತ್ರಕ್ಕೂ ಹುಸಿ ಯಂತ್ರಕ್ಕೂ ಫಲದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮಾಲೀಸು ಮತ್ತು ವ್ಯಾಯಾಮದಿಂದ ಗಂಟುಗಳ ಸಂಖ್ಯೆಯೂ ಬಿಗಿಯೂ ಕಡಿಮೆಯಾದವು, ಆದರೆ ಒಟ್ಟು ಕತ್ತುನೋವಿನ ಮೇಲೆ ಅವುಗಳ ಪ್ರಭಾವವೂ ಅಲ್ಪವೇ ಆಗಿತ್ತು. ಬರೀ ಅಲ್ಟ್ರಾಸೌಂಡಿಗಾಗಿ ಹತ್ತು ದಿನ ಬಸ್ಸು ಹತ್ತುವ ಮೊದಲು ಇದನ್ನು ನೆನೆಯಿರಿ.

ಕರೆಂಟ್ ಚಿಕಿತ್ಸೆ: ಟೆನ್ಸ್ ಎಂಬ ಸಣ್ಣ ಯಂತ್ರದ ಪಟ್ಟಿಗಳನ್ನು ಚರ್ಮಕ್ಕೆ ಅಂಟಿಸಿ ಮೆಲುವಾದ ವಿದ್ಯುತ್ ಹರಿಸುತ್ತಾರೆ. ಜುಮುಗುಟ್ಟುವ ಆ ಸ್ಪರ್ಶ ನೋವಿನ ಸುದ್ದಿಯನ್ನು ಮೆದುಳಿಗೆ ತಲುಪದಂತೆ ಸ್ವಲ್ಪ ಹೊತ್ತು ತಡೆಯುತ್ತದೆ. ನೋವು ತೀವ್ರವಾಗಿದ್ದಾಗ ಕತ್ತನ್ನು ಆಡಿಸಲು ಇದರಿಂದ ಸಹಾಯ. ಎದೆಯಲ್ಲಿ ಪೇಸ್‌ಮೇಕರ್ ಇಟ್ಟುಕೊಂಡವರು ವೈದ್ಯರನ್ನು ಕೇಳದೆ ಇದನ್ನು ಮಾಡಿಸಿಕೊಳ್ಳಬಾರದು.

ಒಣ ಸೂಜಿ: ಔಷಧಿ ಇಲ್ಲದ ತೆಳು ಸೂಜಿಯನ್ನು ಗಂಟಿಗೆ ಚುಚ್ಚುವ ಕ್ರಮಕ್ಕೆ ಡ್ರೈ ನೀಡ್ಲಿಂಗ್ ಎನ್ನುತ್ತಾರೆ. ಆಗಿನ ಜೆಕೊಸ್ಲೊವಾಕಿಯದ ವೈದ್ಯ ಕರೆಲ್ ಲೆವಿಟ್, ಇಂಥ ಕಡೆ ನೋವು ಇಳಿಸುವುದು ಚುಚ್ಚುಮದ್ದಿನ ಔಷಧಿಗಿಂತ ಸೂಜಿಯ ಚುಚ್ಚುವಿಕೆಯೇ ಎಂದು ೧೯೭೯ರಲ್ಲಿ ಬರೆದರು. ಸೂಜಿ ಗಂಟಿಗೆ ತಾಗಿ ಮಾಂಸಖಂಡ ಒಮ್ಮೆ ಮಿಡುಕಿದರೆ, ಮರಗಟ್ಟಿಸುವ ಔಷಧಿಯ ಚುಚ್ಚುಮದ್ದಿಗೂ ಬರೀ ಸೂಜಿಗೂ ಫಲ ಸರಿಸಮ, ಆದರೆ ಬರೀ ಸೂಜಿಯ ನಂತರ ಚುಚ್ಚಿದ ಜಾಗದ ನೋವು ಹೆಚ್ಚು ಎಂದು ೧೯೯೪ರ ಒಂದು ಹೋಲಿಕೆಯಲ್ಲಿ ಕಂಡುಬಂತು. ಕೆಲವು ದಿನ, ಕೆಲವು ವಾರಗಳ ಮಟ್ಟಿಗೆ ಇದರಿಂದ ನೋವು ಇಳಿಯುತ್ತದೆ. ಆದರೆ ಹೆಗಲಿನ ಈ ಮಾಂಸಖಂಡದ ಕೆಳಗೇ ಶ್ವಾಸಕೋಶದ ತುದಿಯಿದೆ. ಸೂಜಿ ಆಳಕ್ಕೆ ಇಳಿದು ಅದಕ್ಕೆ ತಾಗಿದರೆ ಉಸಿರಿಗೇ ಸಂಚಕಾರ. ಅಪರೂಪವಾದರೂ ಇದು ನಡೆದಿರುವ ಅಪಾಯ. ತರಬೇತಿ ಪಡೆದವರಲ್ಲಿ, ಹೊಸ ಸೂಜಿಯಿಂದ ಮಾತ್ರ ಮಾಡಿಸಿಕೊಳ್ಳಿ.

ಕತ್ತು ತಿರುವಿಸಿಕೊಳ್ಳುವುದು: ಸಂತೆಯಲ್ಲೋ ಕ್ಷೌರದಂಗಡಿಯಲ್ಲೋ ಕತ್ತನ್ನು ಹಠಾತ್ತನೆ ತಿರುವಿಸಿಕೊಳ್ಳಬೇಡಿ. ಮೆದುಳಿಗೆ ರಕ್ತ ಒಯ್ಯುವ ನಾಳಗಳು ಕತ್ತಿನಲ್ಲೇ ಇವೆ. ಅವುಗಳ ಒಳಪದರ ಹರಿದು ಲಕ್ವ ಹೊಡೆದ ಪ್ರಸಂಗಗಳು ವೈದ್ಯಕೀಯದಲ್ಲಿ ದಾಖಲಾಗಿವೆ.

ನೋವಿನ ಮಾತ್ರೆ: ವೈದ್ಯರು ಹೇಳಿದಷ್ಟು ದಿನ ಮಾತ್ರ. ಬಿಸಿಲಲ್ಲಿ ಬೆವರಿ, ನೀರು ಕಡಿಮೆ ಕುಡಿದು ದುಡಿಯುವವರು ಡೈಕ್ಲೋಫೆನಾಕ್‌ನಂಥ ಮಾತ್ರೆಗಳನ್ನು ದಿನವೂ ನುಂಗುತ್ತಿದ್ದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು.

ಬಹುಕಾಲ ನಿಲ್ಲುವ ಫಲ ಯಾವುದರಿಂದ?

ಮೇಲೆ ಹೇಳಿದವೆಲ್ಲ ಹೆಚ್ಚಾಗಿ ಮೇಲುಗೊಬ್ಬರದಂತೆ. ಬೇಗ ಹಸುರು ತೋರಿಸುತ್ತವೆ. ನೆಲದ ಸತ್ವ ಹೆಚ್ಚಿಸುವ ಕೆಲಸ ಬೇರೆಯದು. ಅದೇ ಮಾಂಸಖಂಡವನ್ನು ಬಲಪಡಿಸುವ ವ್ಯಾಯಾಮ.

೨೦೦೩ರಲ್ಲಿ ಪ್ರಕಟವಾದ ಫಿನ್ಲೆಂಡಿನ ಪ್ರಯೋಗದಲ್ಲಿ ಬಹುಕಾಲದ ಕತ್ತುನೋವಿದ್ದ ೧೮೦ ಮಹಿಳೆಯರನ್ನು ಒಂದು ವರ್ಷ ಗಮನಿಸಲಾಯಿತು. ಕತ್ತಿನ ಬಲ ಹೆಚ್ಚಿಸುವ ವ್ಯಾಯಾಮ ಮಾಡಿದವರಲ್ಲೂ ತಾಳಿಕೆ ಹೆಚ್ಚಿಸುವ ವ್ಯಾಯಾಮ ಮಾಡಿದವರಲ್ಲೂ ನೋವು ಬಹಳ ಇಳಿಯಿತು. ಮೈ ಹಿಗ್ಗಿಸುವುದು, ಸಾಮಾನ್ಯ ವ್ಯಾಯಾಮಗಳ ಸಲಹೆಯನ್ನಷ್ಟೇ ಪಡೆದವರಲ್ಲಿ ಅಷ್ಟು ಇಳಿಯಲಿಲ್ಲ. ೨೦೦೮ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಪ್ರಯೋಗ ನಮ್ಮ ವಿಷಯಕ್ಕೆ ಇನ್ನೂ ನೇರವಾದದ್ದು. ಟ್ರಪೀಜಿಯಸ್ ಖಂಡದಲ್ಲೇ ನೋವಿದ್ದ ಮಹಿಳೆಯರು ವಾರಕ್ಕೆ ೩ ದಿನ, ದಿನಕ್ಕೆ ೨೦ ನಿಮಿಷದಂತೆ ೧೦ ವಾರ ತೂಕ ಎತ್ತುವ ವ್ಯಾಯಾಮ ಮಾಡಿದರು. ಅವರ ನೋವು ಗಣನೀಯವಾಗಿ ಇಳಿದದ್ದಲ್ಲದೆ ವ್ಯಾಯಾಮ ನಿಲ್ಲಿಸಿದ ಮೇಲೂ ಆ ಗುಣ ಉಳಿಯಿತು. ನಿಂತಲ್ಲೇ ತುಳಿಯುವ ಸೈಕಲ್ಲಿನ ವ್ಯಾಯಾಮ ಮಾಡಿದವರಿಗೆ ಸಿಕ್ಕ ಉಪಶಮನ ಸ್ವಲ್ಪ ಹೊತ್ತಿನದು ಮಾತ್ರ.

'ದಿನವೆಲ್ಲ ದುಡಿಯುವ ನಮಗೆ ಬೇರೆ ವ್ಯಾಯಾಮ ಯಾಕೆ?' ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆ ಪ್ರಯೋಗಗಳಲ್ಲಿದ್ದವರು ಹೊರೆ ಹೊರುವವರಲ್ಲ. ಫಿನ್ಲೆಂಡಿನವರಂತೂ ಕಚೇರಿ ನೌಕರರು. ಆದರೂ ಒಂದು ವ್ಯತ್ಯಾಸ ಗಮನಿಸಿ. ಪಂಪು ಹೊತ್ತಾಗ ಹೆಗಲಿನ ಖಂಡ ಬಿಗಿದದ್ದು ಬಿಗಿದಂತೆಯೇ ಇರುತ್ತದೆ. ಸಡಿಲವಾಗಲು ಅವಕಾಶವೇ ಇಲ್ಲ. ವ್ಯಾಯಾಮದಲ್ಲಿ ಬಿಗಿಯುವುದು, ಸಡಿಲವಾಗುವುದು ಒಂದರ ಹಿಂದೊಂದು ನಡೆಯುತ್ತದೆ. ಪ್ರತಿ ಸಲ ಸಡಿಲವಾದಾಗಲೂ ಹೊಸ ರಕ್ತ ಹರಿಯುತ್ತದೆ.

ಮನೆಯಲ್ಲಿ ಅನುಸರಿಸಬೇಕಾದ ಕ್ರಮ

೧. ಬಾಣಲೆಯಲ್ಲಿ ಮರಳನ್ನೋ ಕಲ್ಲುಪ್ಪನ್ನೋ ಬಿಸಿ ಮಾಡಿ ದಪ್ಪ ಬಟ್ಟೆಯಲ್ಲಿ ಗಂಟು ಕಟ್ಟಿ. ಮುಂಗೈಗೆ ತಾಗಿಸಿ ಬಿಸಿ ಹಿತವಾಗಿದೆಯೇ ನೋಡಿದ ಮೇಲೆ ಹೆಗಲಿಗೆ ೧೫ ನಿಮಿಷ ಕಾವು ಕೊಡಿ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಡಿಮೆಯಾದವರು ಬೇರೆಯವರಿಂದ ಬಿಸಿ ನೋಡಿಸಬೇಕು.

೨. ಎದುರು ಕೈಯ ಬೆರಳುಗಳಿಂದ ಹೆಗಲಿನ ಗಂಟನ್ನು ಹಿಡಿದು, ತಾಳುವಷ್ಟೇ ನೋವಾಗುವಂತೆ ಒತ್ತಿ ೬೦ರಿಂದ ೯೦ ಎಣಿಸಿ. ಬೆನ್ನಿನ ಕಡೆಯ ಗಂಟಾದರೆ ಮಕ್ಕಳ ರಬ್ಬರ್ ಚೆಂಡನ್ನು ಗೋಡೆಗೂ ಬೆನ್ನಿಗೂ ನಡುವೆ ಇಟ್ಟು ಒರಗಿಕೊಳ್ಳಿ. ಕತ್ತಿನ ಮುಂಭಾಗವನ್ನೂ ನಾಡಿ ಬಡಿಯುವ ಪಕ್ಕಗಳನ್ನೂ ಎಂದಿಗೂ ಒತ್ತಬಾರದು.

೩. ಕುರ್ಚಿಯಲ್ಲಿ ಕುಳಿತು, ನೋವಿರುವ ಬದಿಯ ಕೈಯಿಂದ ಕುರ್ಚಿಯ ಅಂಚನ್ನು ಹಿಡಿಯಿರಿ. ತಲೆಯನ್ನು ಇನ್ನೊಂದು ಬದಿಗೆ ಮೆಲ್ಲಗೆ ವಾಲಿಸಿ ೩೦ ಎಣಿಸುವವರೆಗೆ ನಿಲ್ಲಿಸಿ. ಮೂರು ಬಾರಿ ಮಾಡಿ, ಜಗ್ಗಬೇಡಿ.

೪. ನೋವಿನ ತೀವ್ರತೆ ಇಳಿದ ಮೇಲೆ ವಾರಕ್ಕೆ ೩ ದಿನ, ಎರಡೂ ಕೈಗಳಲ್ಲಿ ಒಂದೊಂದು ಲೀಟರ್ ನೀರಿನ ಬಾಟಲಿ ಹಿಡಿದು ಹೆಗಲುಗಳನ್ನು ಕಿವಿಯ ಕಡೆಗೆ ಎತ್ತಿ, ನಿಧಾನವಾಗಿ ಪೂರ್ತಿ ಇಳಿಸಿ. ಹತ್ತು ಸಲ ಮಾಡಿ, ಸುಧಾರಿಸಿಕೊಂಡು ಮತ್ತೆ ಹತ್ತು. ನಂತರ ತೋಳುಗಳನ್ನು ಪಕ್ಕಕ್ಕೆ ಹೆಗಲ ಮಟ್ಟದವರೆಗೆ ಎತ್ತಿ ಇಳಿಸಿ. ವಾರಗಳು ಕಳೆದಂತೆ ತೂಕವನ್ನು ಸ್ವಲ್ಪಸ್ವಲ್ಪವೇ ಏರಿಸಿ. ಹತ್ತು ವಾರ ಬಿಡದೆ ಮಾಡಿದರೆ ಮಾತ್ರ ಫಲ ತಿಳಿಯುತ್ತದೆ.

ಮೂರ್ನಾಲ್ಕು ವಾರದಲ್ಲಿ ಏನೂ ಸುಧಾರಣೆ ಕಾಣದಿದ್ದರೆ ಜಿಲ್ಲಾ ಆಸ್ಪತ್ರೆ ಅಥವಾ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವೈದ್ಯರಿಗೂ ಫಿಸಿಯೋಥೆರಪಿ ತಜ್ಞರಿಗೂ ತೋರಿಸಿ. ಯಂತ್ರದ ಚಿಕಿತ್ಸೆಯನ್ನಷ್ಟೇ ಕೇಳದೆ, 'ನನಗೆ ಯಾವ ವ್ಯಾಯಾಮ ತಕ್ಕದ್ದು, ಸರಿಯಾಗಿ ಮಾಡುತ್ತಿದ್ದೇನೆಯೇ?' ಎಂದು ಕೇಳಿ ಕಲಿತುಕೊಂಡು ಬನ್ನಿ.

ನೊಗವನ್ನು ತಿದ್ದಿ

ಯಾವ ಚಿಕಿತ್ಸೆ ಮಾಡಿಸಿಕೊಂಡರೂ ಅದೇ ಹೊರೆಯನ್ನು ಅದೇ ರೀತಿ ಹೊತ್ತರೆ ಗಂಟು ಮರಳಿ ಬರುತ್ತದೆ. ಪಂಪನ್ನು ಪೂರ್ತಿ ತುಂಬದೆ ೮ರಿಂದ ೧೦ ಲೀಟರ್ ಮಾತ್ರ ತುಂಬಿಸಿ. ಔಷಧಿಯನ್ನೂ ಅದೇ ಪ್ರಮಾಣದಲ್ಲಿ ಕಡಿಮೆ ಮಾಡುವುದನ್ನು ಮರೆಯಬೇಡಿ. ಪಟ್ಟಿಗಳಿಗೆ ಅಗಲವಾದ ಮೆತ್ತೆ ಹೊಲಿಸಿ, ಎರಡನ್ನೂ ಒಂದೇ ಉದ್ದಕ್ಕೆ ಕಟ್ಟಿ. ಪಂಪನ್ನು ನೆಲದಿಂದ ಎತ್ತದೆ, ಸೊಂಟದ ಎತ್ತರದ ಕಟ್ಟೆಯ ಮೇಲಿಟ್ಟು ಹೆಗಲಿಗೇರಿಸಿ. ದೋಟಿ ಹಿಡಿದವರು ಕಾಲು ಗಂಟೆಗೊಮ್ಮೆ ಕೈ ಬದಲಿಸಲಿ. ಕೊಯ್ಯುವವರೂ ಹೆಕ್ಕುವವರೂ ಸರದಿ ಮಾಡಿಕೊಳ್ಳಲಿ. ಟ್ರ್ಯಾಕ್ಟರಿಗೆ ಕನ್ನಡಿ ಹಾಕಿಸಿ, ಹಿಂದೆ ನೋಡುವಾಗ ಕತ್ತನ್ನಷ್ಟೇ ಅಲ್ಲ, ಮೈಯನ್ನೂ ತಿರುಗಿಸಿ.

ಕೊನೆಯದಾಗಿ ಮನೆಯ ಯಜಮಾನರಿಗೆ ಒಂದು ಮಾತು. ಗಂಡಸರ ಕತ್ತುನೋವು ಮನೆಗೆಲ್ಲ ತಿಳಿಯುತ್ತದೆ. ಹೆಂಗಸರದ್ದು ಅವರಿಗೆ ಮಾತ್ರ ಗೊತ್ತು. ದಿನಕ್ಕೆರಡು ಹೊರೆ ಹುಲ್ಲು, ನಾಲ್ಕಾರು ಕೊಡ ನೀರು ಹೊತ್ತು ಬಂದವರು 'ತಲೆ ಸಿಡಿಯುತ್ತಿದೆ' ಎಂದರೆ ಅಮೃತಾಂಜನದ ಡಬ್ಬಿ ತೋರಿಸಿ ಸುಮ್ಮನಾಗುತ್ತೇವೆ. ಇಂದು ಸಂಜೆ ನಿಮ್ಮ ಮನೆಯವರನ್ನೋ ತಾಯಿಯವರನ್ನೋ ಕೇಳಿ ನೋಡಿ. ಹೊರೆಯನ್ನು ಎರಡು ಸಣ್ಣ ಹೊರೆ ಮಾಡಿ, ಒಳ್ಳೆಯ ಸಿಂಬೆ ಕೊಡಿ. ಸಾಧ್ಯವಾದರೆ ಒಂದು ತಳ್ಳುಗಾಡಿ ಕೊಳ್ಳಿ ಅಥವಾ ಹೊಲದಿಂದ ಬರುವ ಗಾಡಿಯಲ್ಲೇ ಹುಲ್ಲು ತನ್ನಿ. ಎತ್ತಿನ ಹೆಗಲಿಗಾಗಿ ನೊಗ ಕೆತ್ತಿಸುವ ಮನೆಯಲ್ಲಿ ಮನುಷ್ಯರ ಹೆಗಲಿಗೂ ಅಷ್ಟು ಆರೈಕೆ ಸಿಗಲೇಬೇಕು.